ಮಾವನ ಮನೆ – ಸುಂಟಿಕೊಪ್ಪ

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬರುವ ಮೊದಲು ಸುಂಟಿಕೊಪ್ಪದ ಅರ್ಧ ಅಂಗಡಿಗಳ ಹೆಸರು ಬರೆದದ್ದು ನಾನೇ. ಖಾಸಗಿ ಬಸ್ಸುಗಳ ಹಣೆಯ ಮೇಲಿನ ಊರುಗಳೂ ನನ್ನ ಕೈಯವೇ. ನನ್ನ ಅಕ್ಷರ ದುಂಡಗೆ, ಬಾಯಿ ಮೊನಚು ಎಂದು ಹೆಂಡತಿ ಹೇಳುತ್ತಾಳೆ. ಎರಡೂ ನಿಜ.

ಹೋದ ಬೇಸಿಗೆಯಲ್ಲಿ ನಮ್ಮೂರಿನ ನಿವೃತ್ತ ಟೀಚರೊಬ್ಬರು ಮನೆಗೆ ಬಂದರು. ಅಪ್ಪನೋ ಅಮ್ಮನೋ ಅಣ್ಣನೋ ಜೈಲಿನಲ್ಲಿರುವ ಒಂಬತ್ತು ಮಕ್ಕಳನ್ನು ಅವರು ಭಾನುವಾರ ತಮ್ಮ ಜಗಲಿಯಲ್ಲಿ ಸೇರಿಸುತ್ತಾರೆ. ಅವರಲ್ಲಿ ಇಬ್ಬರು ತಾವೇ ಬಾಲಮಂದಿರದಲ್ಲಿದ್ದು ಬಂದವರು. ಬಸ್ ಸ್ಟ್ಯಾಂಡಿನ ಉದ್ದ ಗೋಡೆಗೆ ಚಿತ್ರ ಬರೆಯಲು ಒಪ್ಪಿಗೆ ಸಿಕ್ಕಿದೆ, ಗೋಡೆಯ ಕೆಲಸ ಬಲ್ಲವರು ಬೇಕು ಎಂದರು.

"ನನಗೆ ಮಕ್ಕಳ ಜೊತೆ ತಾಳ್ಮೆ ಇಲ್ಲ, ಟೀಚರೇ."

"ಅವ್ರಿಗೂ ನಿಮ್ಮ ಜೊತೆ ಇರಲ್ಲ. ಬನ್ನಿ."

ಹೋದೆ. ಪಾಚಿ ಕೆರೆಯುವುದು, ಪ್ರೈಮರ್ ಹೊಡೆಯುವುದು, ದಾರಕ್ಕೆ ನೀಲಿ ಪುಡಿ ಹಚ್ಚಿ ಗೋಡೆಗೆ ಚಟ್ಟನೆ ಬಾರಿಸಿ ಗೆರೆ ಎಳೆಯುವುದು, ಎಲ್ಲ ಕಲಿಸಿದೆ. ಬೈದೆ ಕೂಡ. ಮೂರನೇ ದಿನ ಅವರು ನನ್ನ ಬೈಗುಳವನ್ನೇ ಅಣಕಿಸಿ ನನಗೆ ವಾಪಸ್ ಕೊಡತೊಡಗಿದರು. ಅಲ್ಲಿಗೆ ಕೆಲಸ ಹದಕ್ಕೆ ಬಂತು.

ಏನು ಬರೆಯೋಣ ಎಂದಾಗ ಒಬ್ಬ ಆನೆ ಅಂದ, ಇನ್ನೊಬ್ಬಳು ಕಾವೇರಿ ಅಂದಳು. ದುಬಾರೆ ದಾರಿಯ ಬೋರ್ಡುಗಳಲ್ಲಿ ಎರಡೂ ಬೇಕಾದಷ್ಟಿವೆ ಎಂದು ತಳ್ಳಿಹಾಕಿದೆ. ಆಗ ಹದಿನಾರರ ಒಬ್ಬ ಹುಡುಗಿ "ಬಸ್ಸು" ಅಂದಳು.

ಅವಳ ಅಪ್ಪ ಇಲ್ಲಿನ ಒಂದು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಒಂಬತ್ತು ವರ್ಷದ ಹಿಂದೆ ಕೂಲಿಯವರ ಲೈನ್‌ಮನೆಗಳ ಮುಂದೆ ನಡೆದ ಹೊಡೆದಾಟದಲ್ಲಿ ಅವನ ಕೈಯಿಂದ ಒಬ್ಬ ಸತ್ತ. ಅವನು ಮೈಸೂರು ಜೈಲು ಸೇರಿದ. ಈಗ ಶಿಕ್ಷೆ ಮುಗಿದು ಮುಂದಿನ ತಿಂಗಳು ಬರುವವನಿದ್ದ.

"ಬತ್ತಾರೆ, ಆದ್ರೆ ಬಸ್ ಸ್ಟ್ಯಾಂಡಲ್ಲಿ ಇಳಿಯಲ್ವಂತೆ," ಅಂದಳು. "ಎರಡು ಸ್ಟಾಪ್ ಮುಂಚೆ ಇಳ್ದು ತೋಟದ ಒಳಗಿಂದ ಬತ್ತಾರಂತೆ. ಜನ ನೋಡ್ತಾರೆ ಅಂತ. ಕಳ್ಳನ ಥರ ಯಾಕೆ ಬರ್ಬೇಕು? ನನಗೆ ಅಪ್ಪ ಇಲ್ಲೇ ಇಳೀಬೇಕು."

ಸರಿ, ಬಸ್ಸೇ ಯಾಕೆ ಎಂದು ಕೇಳಿದೆ. ಹೇಳಿದಳು. ಅಪ್ಪ ಹೋದಾಗ ಅವಳಿಗೆ ಏಳು ವರ್ಷ. ಎಲ್ಲಿ ಹೋದ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ "ನಿಮ್ಮಪ್ಪ ಮಾವನ ಮನೆಗೆ ಹೋಗಿದ್ದಾನೆ ಕಣಮ್ಮ" ಎಂದರಂತೆ. ಜೈಲಿಗೆ ಹೋದವನ ಬಗ್ಗೆ ಊರು ಆಡುವ ಹಳೇ ತಮಾಷೆ. ಮಗುವಿಗೇನು ಗೊತ್ತು? ಅಪ್ಪನ ಮಾವ ಎಂದರೆ ತನ್ನ ಅಜ್ಜ. ಅಜ್ಜನ ಮನೆ ಹಾಸನದ ಕಡೆ, ಅರಕಲಗೂಡಿನ ಹತ್ತಿರ. ಮಾರನೆಯ ದಿನ ಅಪ್ಪನ ಚೌಕಳಿ ಟವೆಲ್ ಹಿಡಿದು ಒಬ್ಬಳೇ ಬಸ್ ಹತ್ತಿದಳು. ಪಕ್ಕದ ಸೀಟಿಗೆ ಟವೆಲ್ ಹಾಸಿದಳು, ಬರುವಾಗ ಅಪ್ಪನಿಗೆ ಜಾಗ ಇರಲಿ ಎಂದು. ಕುಶಾಲನಗರದಲ್ಲಿ ಕಂಡಕ್ಟರ್ ಅವಳನ್ನು ಇಳಿಸಿ ವಾಪಸ್ ಬಸ್ಸಿಗೆ ಹತ್ತಿಸಿದ.

ನನಗೆ ಸಿಟ್ಟು ನೆತ್ತಿಗೇರಿತು. "ಏಳು ವರ್ಷದ ಮಗೂಗೆ ಹಾಗೆ ಹೇಳಿದ ಅಯೋಗ್ಯ ಯಾರು?" ಎಂದು ಕೂಗಿದೆ.

ಅವಳು ಬ್ರಷ್ ತೊಳೆಯುತ್ತಲೇ, "ನೀವೇ, ಬೋರ್ಡ್ ಅಂಕಲ್," ಅಂದಳು.

ನನಗೆ ನೆನಪೇ ಇರಲಿಲ್ಲ. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟೋ ಶಾಲೆಗಳ ಗೋಡೆಗೆ ಬರೆದುಕೊಟ್ಟವನು ನಾನು. ತಪ್ಪಾಯ್ತು ಎಂದೆ. ಅವಳು "ಹೂಂ" ಎಂದು, ಬಸ್ಸಿನ ಬೋರ್ಡನ್ನು ನೀವೇ ಬರೆಯಬೇಕು ಎಂದಳು. ಬೋರ್ಡಿನಲ್ಲಿ ಏನಿರಬೇಕೆಂದೂ ಹೇಳಿದಳು.

ಗೋಡೆ ತುಂಬ ಬಸ್ಸಾಯಿತು. ಒಂಬತ್ತು ಕಿಟಕಿಗಳಲ್ಲಿ ಒಂಬತ್ತು ಮಕ್ಕಳು ತಮ್ಮನ್ನು ತಾವೇ ಬರೆದುಕೊಂಡರು. ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಖಾಲಿ ಸೀಟು, ಸೀಟಿನ ಮೇಲೆ ಒಂದು ಟವೆಲ್. ಇವಳದು ಮಾತ್ರ ಚೌಕಳಿ. ಚೌಕ ಸೊಟ್ಟಗಾದರೆ ಅಳಿಸಿ ಮತ್ತೆ ಬರೆಯುತ್ತಿದ್ದಳು. ಅಂಥ ಕೈ ನನ್ನ ಹತ್ತಿರ ಕೆಲಸ ಕಲಿತ ಯಾರಿಗೂ ಇರಲಿಲ್ಲ ಎಂದು ಅವಳ ಮುಂದೆಯೇ ಹೇಳಿದೆ.

ಬೋರ್ಡನ್ನು ನಾನು ಬರೆದೆ. ಕೆಂಪು ಅಂಚು, ಹಳದಿ ನೆಲ, ಕಪ್ಪು ಅಕ್ಷರ. ಏಣಿ ಇಳಿದು ನಿಂತು ನೋಡಿದೆ: ಸುಂಟಿಕೊಪ್ಪ – ಮಾವನ ಮನೆ. ಮೊದಲು ನಮ್ಮೂರು, ಆಮೇಲೆ ಹೋಗುವ ಊರು. ಮೂವತ್ತು ವರ್ಷದಿಂದ ಕೈಗೆ ಅದೇ ರೂಢಿ.

"ಅಂಕಲ್, ಬಸ್ಸು ಹೋಗ್ತಾ ಇಲ್ಲ," ಅಂದಳು. "ಬತ್ತಾ ಐತೆ."

ಪೂರ್ತಿ ಕೆರೆದು ತಿರುಗಿಸಿ ಬರೆದೆ. ನನ್ನ ಬೋರ್ಡನ್ನು ತಿದ್ದಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಎದುರಿನ ಬೇಕರಿಯವನು ಓಡಿ ಬಂದ. "ಎಂತ ಮಾರಾಯ್ರೆ ಇದು? ಟೂರಿಸ್ಟ್ ಬರುವ ಜಾಗ. ಊರಿನ ಮರ್ಯಾದೆ ಉಂಟಲ್ಲ?"

"ಇಪ್ಪತ್ತು ವರ್ಷ ನಿನ್ನ ಅಂಗಡಿ ಮುಂದೆ ನಿಂತು ಇದೇ ಮಾತು ಹೇಳಿ ನಕ್ಕಿದ್ದೇವಲ್ಲ, ಆಗ ಮರ್ಯಾದೆ ಎಲ್ಲಿತ್ತು? ಈಗ ಅಕ್ಷರದಲ್ಲಿ ನೋಡು," ಅಂದೆ. ಅವನು ಅಂಗಡಿಗೆ ವಾಪಸ್ ಹೋಗಿ ಮಕ್ಕಳಿಗೆ ಬನ್ ಕಳಿಸಿದ.

ಅಪ್ಪ ಬರುವ ದಿನ ಹುಡುಗಿ ಗೋಡೆಯ ಮುಂದೆ ನಿಂತಳು. ಗೋಡೆಯಲ್ಲಿ ಏನಿದೆ ಎಂದು ಅವಳು ಅವನಿಗೆ ಹೇಳಿರಲಿಲ್ಲ. "ನಾನು ಬಸ್ ಸ್ಟ್ಯಾಂಡಲ್ಲೇ ಇರ್ತೀನಿ, ನೀನು ಎಲ್ಲಿ ಇಳಿತೀಯೋ ನಿನ್ನಿಷ್ಟ" ಎಂದಷ್ಟೇ ಫೋನಿನಲ್ಲಿ ಹೇಳಿದ್ದಳಂತೆ. ಮೈಸೂರಿನ ಒಂದು ಬಸ್ಸು ಬಂದು ಹೋಯಿತು. ಅವನಿಲ್ಲ. ತೋಟದ ದಾರಿ ಹಿಡಿದುಬಿಟ್ಟ ಎಂದೇ ನಾನು ಅಂದುಕೊಂಡೆ. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಎರಡನೆಯ ಬಸ್ಸಿನಿಂದ ಕೊನೆಯವನಾಗಿ ಇಳಿದ. ತಲೆ ನರೆತಿತ್ತು, ಕೈಯಲ್ಲೊಂದು ಬಟ್ಟೆಯ ಚೀಲ. ಮಗಳನ್ನು ನೋಡಿದ, ಅವಳ ಹಿಂದಿನ ಗೋಡೆ ನೋಡಿದ. ಬೋರ್ಡನ್ನು ತುಟಿ ಅಲುಗಿಸಿ ಓದಿದ. ಚೌಕಳಿ ಟವೆಲ್ ಮೇಲೆ ಬೆರಳಿಟ್ಟ.

"ಬೋರ್ಡ್ ಬರ್ದೋರು ಯಾರು?" ಎಂದು ಕೇಳಿದ.

"ನಾನೇ," ಅಂದೆ. "ಆವತ್ತು ಇವಳಿಗೆ ಮಾವನ ಮನೆ ಅಂತ ಹೇಳಿದವನೂ ನಾನೇ."

ಅವನು ನನ್ನನ್ನು ಒಮ್ಮೆ ನೋಡಿದ. "ಅಕ್ಷರ ಚೆನ್ನಾಗೈತೆ," ಅಂದ. ಚೀಲವನ್ನು ಹೆಗಲಿಗೆ ಹಾಕಿ ಮಗಳ ಕಡೆ ತಿರುಗಿದ.

"ನಡಿ. ಅಂಗಡಿ ಬೀದೀಲೇ ಹೋಗಾನ."