ಹಿಡಿಯೊಳಗಿನ ತುಕ್ಕು

ಶಿಡ್ಲಘಟ್ಟದ ರೇಷ್ಮೆ ರೀಲರ್ ಗೌಸ್ ಪೀರ್ ಸಾಹೇಬರಿಗೆ ಜಪಾನಿ ಕತ್ತಿಗಳ ಹುಚ್ಚು. ಬರ್ಮಾ ಯುದ್ಧದಿಂದ ಸಿಪಾಯಿಗಳು ತಂದ ಕತ್ತಿ ಯಾರ ಅಟ್ಟದಲ್ಲಿದ್ದರೂ ಅವರ ಮೂಗಿಗೆ ವಾಸನೆ ಬಡಿಯುತ್ತದೆ. ನೂಲಿನ ಹೊಳಪು ನೋಡುವಂತೆಯೇ ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರುದ್ದಕ್ಕೂ ಹರಿದ ಬಿಳಿ ಅಲೆಯನ್ನು ನೋಡುತ್ತಾ ನಿಲ್ಲುತ್ತಾರೆ. ಎಂಜಲು ಸಿಡಿದೀತೆಂದು ತುಟಿ ಬಿಚ್ಚುವುದಿಲ್ಲ. ಅಲಗಿಗೆ ಎಣ್ಣೆ ಸವರಿದರೂ ಹಿಡಿ ಕಳಚಿದರೆ ಕಾಣುವ ಅಲಗಿನ ಬುಡದ ಕರಿ ತುಕ್ಕನ್ನು ಮಾತ್ರ ಮುಟ್ಟುವುದಿಲ್ಲ. "ಹುಣಸೆಹಣ್ಣು ಕೊಡ್ಲೇನ್ರೀ?" ಎಂದು ಹೆಂಡತಿ ಹಮೀದಾ ಕೆಣಕಿದರೆ, "ನಿನ್ನ ಬಿಂದಿಗೆ ಅಲ್ಲ ಕಣೇ ಇದು! ತುಕ್ಕೇ ಇದರ ವಯಸ್ಸು!" ಎಂದು ಗುಡುಗುತ್ತಾರೆ. ಏಕೆಂದರೆ ತಾವು ಕೊಂಡ ಮೊದಲ ಕತ್ತಿಯ ಬುಡದ ತುಕ್ಕನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದವರು ಅವರೇ; ಅದನ್ನು ಮಾಡಿದ ಕಮ್ಮಾರ ಅಲ್ಲಿ ಕೆತ್ತಿದ್ದ, ಮೊದಲೇ ಸವೆದಿದ್ದ ತನ್ನ ಹೆಸರೂ ಅದರೊಂದಿಗೆ ಹೋಯಿತು. ಅಂದಿನಿಂದ ಪ್ರತಿ ಶುಕ್ರವಾರ ನಮಾಜಿನ ಕೊನೆಯಲ್ಲಿ ಕೈಯೆತ್ತಿ ಪಿಸುಗುಟ್ಟುತ್ತಾರೆ: "ಯಾ ಅಲ್ಲಾ, ನಿನಗಾದ್ರೂ ಅವನ ಹೆಸರು ಗೊತ್ತಲ್ಲ. ನಾನು ಮಾಫಿ ಕೇಳ್ದೆ ಅಂತ ಹೇಳಪ್ಪಾ."