ಒಂದು ಸೀರೆಗೆ ಒಂದು ಪಿನ್

ದೊಡ್ಡಮ್ಮ ಒಂದು ಸೀರೆ ಉಡಿಸಲು ಹದಿನೆಂಟು ಪಿನ್ ಬಳಸುತ್ತಾರೆ. ರೇಷ್ಮೆಯಾದರೆ ಹದಿನಾರು ಸಾಕು, ಜಾರ್ಜೆಟ್ ಆದರೆ ಇಪ್ಪತ್ತೊಂದರವರೆಗೂ ಹೋಗುತ್ತದೆ. ಇದು ಊಹೆಯಲ್ಲ, ಎರಡು ವರ್ಷ ಪಕ್ಕದಲ್ಲಿ ನಿಂತು ಎಣಿಸಿದ್ದೇನೆ. ಪಿನ್ನುಗಳು ಹಳೆಯ ಹಿಂಗಿನ ಡಬ್ಬಿಯಲ್ಲಿರುತ್ತವೆ. ಎಷ್ಟು ತೊಳೆದರೂ ಅದರ ವಾಸನೆ ಹೋಗಿಲ್ಲ. ದೊಡ್ಡಮ್ಮನನ್ನು ಮೌಸಿ ಎಂದು ಕರೆಯುವ, ಸ್ಟುಡಿಯೋಕ್ಕೆ ಬರುತ್ತಿದ್ದ ಮಾಡೆಲ್ ಹುಡುಗಿಯರು, "ಮೌಸಿ ಉಡಿಸಿದ ಸೀರೆ ಸಾರಿನ ಹಾಗೆ ಘಮಘಮ ಅನ್ನುತ್ತದೆ" ಎಂದು ನಗುತ್ತಿದ್ದರು. ಫೋಟೋ ಮುಗಿದ ಮೇಲೆ ಹಾಕಿದಷ್ಟೂ ಪಿನ್ ಡಬ್ಬಿಗೆ ವಾಪಸ್ ಬರಬೇಕು. ಒಂದು ಕಡಿಮೆಯಾದರೂ ದೊಡ್ಡಮ್ಮ ಯಾರನ್ನೂ ಕೂರಲು ಬಿಡುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ ಇದೇ. ವಾರದ ದಿನ ಬೈಕುಲ್ಲಾದ ಸ್ಟುಡಿಯೋದಲ್ಲಿ ಕ್ಯಾಟಲಾಗಿನ ಸೀರೆಗಳನ್ನು ಮಾಡೆಲ್‌ಗಳಿಗೆ ಉಡಿಸುವುದು, ಭಾನುವಾರ ಮತ್ತು ಮದುವೆಯ ದಿನಗಳಲ್ಲಿ ಮುಲುಂಡಿನ ಮನೆಗಳಿಗೆ ಹೋಗಿ ಮದುಮಗಳಿಗೆ ಉಡಿಸುವುದು. ಅವರ ಮನೆಯಲ್ಲೇ ಇದ್ದುಕೊಂಡು ಓದಿದ ನನಗೆ ಅದೇ ಸ್ಟುಡಿಯೋದಲ್ಲಿ ಕೆಲಸ ಕೊಡಿಸಿದ್ದೂ ಅವರೇ. ಯಾವ ಸೀರೆಯ ಫೋಟೋ ಯಾವಾಗ ತೆಗೆದದ್ದು, ಎಷ್ಟು ತೆಗೆದದ್ದು ಎಂದು ಬರೆದಿಡುವುದು ನನ್ನ ಕೆಲಸ. ಬರೆದಿಡುವುದು ನನಗೆ ಮೊದಲಿನಿಂದಲೂ ರೂಢಿ. ದಿನ, ಗಂಟೆ, ಸಂಖ್ಯೆ ಹಾಕದೆ ನನ್ನ ಸ್ವಂತ ನೋಟ್‌ಬುಕ್ಕಿನ ಪುಟ ಮುಚ್ಚುವುದಿಲ್ಲ.

ಜನವರಿಯಲ್ಲಿ ಮಾಲೀಕರು ಹೊಸ ಪದ್ಧತಿ ತಂದರು. ಸೀರೆಯನ್ನು ಮೇಜಿನ ಮೇಲೆ ಹಾಸಿ ಎರಡು ಫೋಟೋ ತೆಗೆದರೆ ಸಾಕು. ಕಂಪ್ಯೂಟರಿನೊಳಗಿನ ಎಐ ಅದನ್ನು ಒಬ್ಬ ಹೆಂಗಸಿನ ಮೈಮೇಲೆ ಹಾಕಿ ಕೊಡುತ್ತದೆ. ಆ ಹೆಂಗಸು ಎಲ್ಲಿಯೂ ಇಲ್ಲ. ಮಾಡೆಲ್‌ಗಳು ಬರುವುದು ಕಡಿಮೆಯಾಗಿ, ಆಮೇಲೆ ನಿಂತೇಹೋಯಿತು. ನನ್ನನ್ನು ಮೂಲೆಯ ಕಂಪ್ಯೂಟರಿನ ಮುಂದೆ ಕೂರಿಸಿ, ಬಂದ ಚಿತ್ರಗಳಲ್ಲಿ ತಪ್ಪು ಹುಡುಕಲು ಹೇಳಿದರು. ಆ ತಿಂಗಳು ನೋಡಿದ್ದು 412 ಚಿತ್ರ. ಬೆರಳು ಹೆಚ್ಚು ಅಥವಾ ಕಡಿಮೆ ಇದ್ದದ್ದು 37. ಒಂದೇ ಕಿವಿಗೆ ಓಲೆ ಇದ್ದದ್ದು 58. ಬಳೆ ಮಣಿಕಟ್ಟಿನೊಳಗೆ ಹೂತುಹೋಗಿದ್ದದ್ದು 22. ಸೀರೆ ಸರಿಯಾಗಿ ಉಟ್ಟಂತಿದೆಯೇ ಎಂದು ನೋಡಲು ನನಗೆ ಕೊಟ್ಟ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಆ ಮುಖಗಳನ್ನು ನೋಡಿದರೆ ಆರಿದ ಹಾಲಿನ ಮೇಲೆ ಕಟ್ಟಿದ ಕೆನೆ ನೆನಪಾಗುತ್ತಿತ್ತು, ಬೆರಳಿಗೆ ಅಂಟುವಂಥದ್ದು. ಎಲ್ಲರದ್ದೂ ಒಂದೇ ಹಲ್ಲು. ಕಂಕುಳಲ್ಲಿ ಒಂದು ಗೆರೆಯಿಲ್ಲ, ಸೊಂಟದ ಮೇಲೆ ಲಂಗದ ದಾರ ಒತ್ತಿದ ಗುರುತಿಲ್ಲ. ಸೀರೆಯ ಅಂಚು ಹೊಟ್ಟೆಯ ಹತ್ತಿರ ಬಂದು ಚರ್ಮದೊಳಗೆ ಕರಗಿಹೋಗುತ್ತಿತ್ತು. ನೆರಿಗೆಗಳು ಎಲ್ಲಿಂದಲೂ ಶುರುವಾಗದೆ ಎಲ್ಲಿಯೋ ಮುಗಿಯುತ್ತಿದ್ದವು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಊಟ ಸೇರುತ್ತಿರಲಿಲ್ಲ. ಫೆಬ್ರವರಿಯಲ್ಲಿ ಆರು ದಿನ ಹಾಗೇ ಮುಚ್ಚಿ ಮನೆಗೆ ತಂದಿದ್ದೇನೆ.

ದೊಡ್ಡಮ್ಮನಿಗೆ ಸ್ಟುಡಿಯೋದಿಂದ ಕರೆ ಬಂದದ್ದು ಜನವರಿಯಲ್ಲಿ ಐದು ದಿನ, ಫೆಬ್ರವರಿಯಲ್ಲಿ ಎರಡು. ಆಮೇಲೆ ಮೇ ಮುಗಿಯುವ ತನಕ ಒಂದೂ ಇಲ್ಲ.

ಅಷ್ಟರಲ್ಲಿ ಸರ್ಕಾರದ ನಿಯಮದ ಮಾತು ಬಂತು. ಎಐ ತಯಾರಿಸಿದ ಚಿತ್ರವಾದರೆ ಹಾಗೆಂದು ಅದರ ಮೇಲೆ ಗುರುತು ಹಾಕಬೇಕು. ಬೆಳಕು, ಬಣ್ಣ ತಿದ್ದುವಂಥ ಸಣ್ಣ ಕೆಲಸಕ್ಕೆ ಬೇಡ. ನಮ್ಮ ಸೀರೆಗಳನ್ನು ಮಾರುವ ವೆಬ್‌ಸೈಟಿನವರು ಪ್ರತಿ ಚಿತ್ರದ ಕೆಳಗೆ ಒಂದು ಪ್ರಶ್ನೆ ಇಟ್ಟರು: ಇದು ಯಂತ್ರ ತಯಾರಿಸಿದ್ದೇ, ಹೌದೋ ಅಲ್ಲವೋ? ಓದಿದಾಗ ನನಗೆ ಹಾಯೆನಿಸಿತು. ಇನ್ನಾದರೂ ಜನಕ್ಕೆ ಗೊತ್ತಾಗುತ್ತದೆ ಅಂದುಕೊಂಡೆ. ಗುರುತು ಬಿದ್ದ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ ಎಂದು ಮಾಲೀಕರು ಮೂರು ದಿನ ತಲೆ ಕೆರೆದುಕೊಂಡರು. ನಾಲ್ಕನೆಯ ದಿನ ದಾರಿ ಸಿಕ್ಕಿತು.

ಜೂನ್ ಎಂಟು, ಸೋಮವಾರ. ದೊಡ್ಡಮ್ಮನಿಗೆ ಮತ್ತೆ ಕರೆ ಬಂದಿತ್ತು. ನನಗಿಂತ ಮೊದಲೇ ತಯಾರಾಗಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸ್ಟುಡಿಯೋದಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆಯನ್ನು ನಿಲ್ಲಿಸಿದ್ದರು. ಅದರ ಹೆಗಲ ಮೇಲೆ ಸೀರೆಯನ್ನು ಟವೆಲಿನಂತೆ ಎಸೆದಿದ್ದರು.

"ಮೌಸಿ, ಬಸ್ ಏಕ್ ಪಿನ್," ಅಂದರು ಮಾಲೀಕರು. ಒಂದೇ ಒಂದು ಪಿನ್ ಚುಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿ. ಆಗ ಮನುಷ್ಯರ ಕೈ ಬಿದ್ದಂತಾಯಿತು, ಉಡಿಸಿದ್ದು ಮನುಷ್ಯರೇ, ಕಂಪ್ಯೂಟರು ಮಾಡಿದ್ದು ಬರೀ ತಿದ್ದುಪಡಿ. ಆ ಪ್ರಶ್ನೆಗೆ ಅಲ್ಲ ಎಂದು ಉತ್ತರಿಸಬಹುದು, ಯಾರಾದರೂ ಕೇಳಿದರೆ ತೋರಿಸಲು ರಿಜಿಸ್ಟರ್ ಇರುತ್ತದೆ. ಇದು ಅವರ ಲೆಕ್ಕಾಚಾರ.

ರಿಜಿಸ್ಟರ್ ಬರೆಯುವವಳು ನಾನು. ಅಕ್ಷರ ಮುದ್ದಾಗಿದೆ ಎಂದು ನನ್ನನ್ನೇ ಆರಿಸಿದರು. ಸೀರೆಯ ಸಂಖ್ಯೆ, ಉಡಿಸಲು ಹಿಡಿದ ಸಮಯ, ಉಡಿಸಿದವರ ಸಹಿ. "ಟೈಮ್ ಹನ್ನೊಂದು, ಹದಿಮೂರು, ಹನ್ನೆರಡು ನಿಮಿಷ ಅಂತ ಬೇರೆ ಬೇರೆ ಬರಿ, ಎಲ್ಲ ಒಂದೇ ಇದ್ದರೆ ಸುಳ್ಳು ಅನಿಸುತ್ತದೆ" ಎಂದು ಹಿಂದಿಯಲ್ಲಿ ಹೇಳಿಕೊಟ್ಟರು. ನಾನು ಹಾಗೆಯೇ ಬರೆದೆ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಬೇರೆ ಇದೆ: ಸೀರೆ ನಲವತ್ತು, ಪಿನ್ ನಲವತ್ತು, ಒಟ್ಟು ಸಮಯ ಐವತ್ತು ನಿಮಿಷ.

ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ ದೊಡ್ಡಮ್ಮ ಕೈ ಹಿಸುಕಿಕೊಳ್ಳುತ್ತಾ, "ಇದೆಂತ ಸೀರೆ ಉಡಿಸುದು ಮಾರಾಯ್ತಿ! ಶಾಲೆಯಲ್ಲಿ ಮಕ್ಕಳಿಗೆ ಸಾಲಾಗಿ ಇಂಜೆಕ್ಷನ್ ಕೊಟ್ಟ ಹಾಗೆ ಆಯ್ತು," ಅಂದರು. ಆದರೂ ಅವರ ಮುಖದಲ್ಲಿ ಸಂತೋಷವಿತ್ತು. ಮತ್ತೆ ಕರೆದರಲ್ಲ. ಅಂದಿನಿಂದ ವಾರದ ದಿನವೆಲ್ಲ ಹೀಗೇ ನಡೆಯಿತು.

ಆ ಸೋಮವಾರವೇ ಮಾಲೀಕರು ದೊಡ್ಡಮ್ಮನ ಎರಡು ಕೈಗಳ ಫೋಟೋ ತೆಗೆದಿದ್ದರು. ವೆಬ್‌ಸೈಟಿನಲ್ಲಿ ಪ್ರತಿ ಸೀರೆಯ ಕೆಳಗೆ ಆ ಕೈ ಬಂತು. ಪಕ್ಕದಲ್ಲಿ, ಇಪ್ಪತ್ತೆರಡು ವರ್ಷ ಅನುಭವವುಳ್ಳ ಕಲಾವಿದೆ ಉಡಿಸಿದ್ದು ಎಂಬ ಸಾಲು. ಇಡೀ ಪುಟದಲ್ಲಿ ನಿಜವಾದದ್ದು ಆ ಕೈ ಮಾತ್ರ. ದೊಡ್ಡಮ್ಮ ಅದನ್ನು ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿದರು. "ನನ್ನ ಕೈ" ಎಂದಷ್ಟೇ ಬರೆದಿದ್ದರು. ಬೇಡ ಅನ್ನಬೇಕಿತ್ತು ನಾನು. ಅನ್ನಲಿಲ್ಲ.

ಜುಲೈ ಹನ್ನೆರಡು, ಭಾನುವಾರ, ಬೆಳಿಗ್ಗೆ ಹತ್ತೂವರೆ. ಎದುರಿನ ಬಿಲ್ಡಿಂಗಿನ ಹೋಟೆಲಿನವರ ಹೆಂಡತಿ, ಅವರೂ ನಮ್ಮ ಉಡುಪಿ ಕಡೆಯವರೇ, ಮಗಳನ್ನೂ ಒಂದು ಪೆಟ್ಟಿಗೆಯನ್ನೂ ಹಿಡಿದು ಬಂದರು. ಮಗಳ ನಿಶ್ಚಿತಾರ್ಥಕ್ಕೆ ಉಡಿಸಲು ದೊಡ್ಡಮ್ಮನಿಗೆ ಎರಡು ತಿಂಗಳ ಹಿಂದೆಯೇ ಹೇಳಿಟ್ಟಿದ್ದರು. ಗುಂಪಿನಲ್ಲಿ ಕೈ ನೋಡಿ ಆ ವೆಬ್‌ಸೈಟಿನಿಂದಲೇ ಸೀರೆ ತರಿಸಿದ್ದರು. ಜೊತೆಗೆ ಇನ್ನಿಬ್ಬರು ನೆರೆಯವರು ನೋಡಲು ಬಂದರು.

"ಅಕ್ಕ, ಒಮ್ಮೆ ಟ್ರಯಲ್ ನೋಡುವ. ಇದೇ ಫೋಟೋದ ಹಾಗೆ ಬರ್ಬೇಕು," ಎಂದು ಮೊಬೈಲ್ ಮುಂದೆ ಹಿಡಿದರು.

ದೊಡ್ಡಮ್ಮ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೆರಿಗೆ ಎಣಿಸಿದರು. ಹದಿನಾಲ್ಕು. ಸೆರಗು ಮೊಣಕಾಲಿನ ಕೆಳಗೆ ಇಳಿದಿತ್ತು. ಆಮೇಲೆ ಪೆಟ್ಟಿಗೆಯ ಸೀರೆ ಬಿಚ್ಚಿ, ನೆಲದ ಮೇಲೆ ಹಾಸಿ, ಗೇಣು ಹಾಕುತ್ತಾ ಹೋದರು. ಇಪ್ಪತ್ತನಾಲ್ಕು ಗೇಣು.

"ನೋಡಿ, ಸೊಂಟಕ್ಕೆ ಮೊದಲನೇ ಸುತ್ತಿಗೆ ಐದು ಗೇಣು ಬೇಕು. ಒಂದೊಂದು ನೆರಿಗೆಗೆ ಒಂದೊಂದು ಗೇಣು. ಹದಿನಾಲ್ಕು ನೆರಿಗೆ ಹಿಡಿದ್ರೆ ಉಳಿಯುದು ಐದು. ಇನ್ನೊಂದು ಸುತ್ತಿಗೇ ಅದು ಮುಗೀತದೆ. ಸೆರಗು ಕಂಕುಳ ತನಕ ಬಂದು ನಿಲ್ತದೆ, ಮೇಲೆ ಬರುದಿಲ್ಲ."

"ಆದ್ರೆ ಫೋಟೋದಲ್ಲಿ ಬಂದಿದೆಯಲ್ಲ?"

"ಏಳು ನೆರಿಗೆ ಹಾಕಿ ಚಂದ ಮಾಡಿ ಕೊಡ್ತೇನೆ."

"ಏಳು ಯಾಕೆ? ನೀವೇ ಉಡಿಸಿದ್ದಲ್ವಾ ಇದು? ಕೈ ಕೂಡ ತೋರಿಸಿದ್ರಿ ನಮಗೆಲ್ಲ. ಸ್ಟುಡಿಯೋದವರಿಗೆ ಹದಿನಾಲ್ಕು, ನನ್ನ ಮಗಳಿಗೆ ಏಳಾ?"

"ಮಮ್ಮಿ, ಛೋಡೋ ನಾ, ಬಿಡು," ಅಂದಳು ಮಗಳು.

ದೊಡ್ಡಮ್ಮ ನನ್ನ ಮುಖ ನೋಡಿದರು. ರಿಜಿಸ್ಟರಿನಲ್ಲಿ ಈ ಸೀರೆಯ ಮುಂದೆ ಹದಿಮೂರು ನಿಮಿಷ ಎಂದು ಬರೆದವಳು ನಾನೇ. ನಾನು ನೆಲದ ಮೇಲಿನ ಸೀರೆಯ ತುದಿ ಮಡಚತೊಡಗಿದೆ. ಕೊನೆಗೆ ಅವರೇ ಹೇಳಿದರು.

"ಅದು ನಾನು ಉಡಿಸಿದ್ದಲ್ಲ. ಒಂದು ಪಿನ್ ಹಾಕಿದ್ದು ಮಾತ್ರ. ಉಳಿದದ್ದು ಕಂಪ್ಯೂಟರ್ ಮಾಡಿದ್ದು. ಆ ಹೆಂಗಸೂ ಇಲ್ಲ, ಆ ನೆರಿಗೆಯೂ ಇಲ್ಲ."

"ಹಾಗಾದ್ರೆ ನಮಗೆ ಸುಳ್ಳು ಹೇಳಿದ್ದಾ ನೀವು?"

ಹೋಟೆಲಿನವರ ಹೆಂಡತಿ ಸೀರೆಯನ್ನು ಮುದ್ದೆ ಮಾಡಿ ಪೆಟ್ಟಿಗೆಗೆ ತುರುಕಿ, "ಬೇಡ ಬಿಡಿ. ಬೇರೆ ಯಾರಿಗಾದ್ರೂ ಹೇಳ್ತೇವೆ. ವಯಸ್ಸಾಯ್ತಲ್ಲ, ಕೈ ಓಡುದಿಲ್ಲ ಅಂತ ಮೊದಲೇ ಹೇಳ್ಬಹುದಿತ್ತು," ಎಂದು ಎದ್ದರು. ಮಗಳೂ ನೋಡಲು ಬಂದ ಇಬ್ಬರೂ ಹಿಂದೆಯೇ ಹೋದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಉಡಿಸಲು ಕರೆದಿದ್ದ ಐದು ಮನೆಗಳಲ್ಲಿ ಆ ವಾರ ಮುಗಿಯುವಷ್ಟರಲ್ಲಿ ಉಳಿದದ್ದು ಎರಡು.

ಮರುದಿನ ಸೋಮವಾರ. ಬರುವುದಿಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ದೊಡ್ಡಮ್ಮ ಬಂದರು. ಗೊಂಬೆಯ ಹೆಗಲಿನಿಂದ ಮೊದಲ ಸೀರೆ ಎಳೆದು, ಸೊಂಟಕ್ಕೆ ಸುತ್ತಿ, ನೆರಿಗೆ ಹಿಡಿಯಲು ಶುರು ಮಾಡಿದರು. ಒಂದೊಂದು ನೆರಿಗೆಯನ್ನೂ ಹೆಬ್ಬೆರಳಿನಿಂದ ತೀಡಿದರು. ಹದಿನೆಂಟು ಪಿನ್, ಹನ್ನೆರಡು ನಿಮಿಷ. ಫೋಟೋ ಆದಮೇಲೆ ಬಿಚ್ಚಿ ಮಡಚಿ, ಎರಡನೆಯದಕ್ಕೆ ಕೈ ಹಾಕಿದರು.

ಏನು ಮಾಡುತ್ತಿದ್ದೀರಿ, ನಲವತ್ತು ಸೀರೆ ಇದೆ ಎನ್ನುತ್ತಾ ಮಾಲೀಕರು ಓಡಿ ಬಂದರು. "ಮೌಸಿ, ಯೇ ಕ್ಯಾ ಕರ್ ರಹೀ ಹೋ? ಚಾಲೀಸ್ ಪೀಸ್ ಹೈ!"

"ಸಾಡಿ ಪೆಹನಾ ರಹೀ ಹೂಂ," ಸೀರೆ ಉಡಿಸುತ್ತಿದ್ದೇನೆ, ಎಂದು ದೊಡ್ಡಮ್ಮ ತಲೆ ಎತ್ತದೆ ಹೇಳಿದರು. "ಆಪ್ ಕೇ ರಿಜಿಸ್ಟರ್ ಮೇ ಯಹೀ ಲಿಖಾ ಹೈ ನಾ? ಬಾರಾ ಮಿನಿಟ್."

ರಿಜಿಸ್ಟರಿನಲ್ಲಿ ಬರೆದಿರುವುದೂ ಇದೇ ತಾನೇ, ಹನ್ನೆರಡು ನಿಮಿಷ ಎಂದು ಅವರು ಕೇಳಿದ್ದಕ್ಕೆ ಮಾಲೀಕರು ನನ್ನ ಕಡೆ ತಿರುಗಿದರು. ನಾನು ಮೊದಲ ಸಾಲಿನಲ್ಲಿ ಹನ್ನೆರಡು ಎಂದು ಬರೆದೆ. ಅಷ್ಟು ದಿನದಲ್ಲಿ ಆ ರಿಜಿಸ್ಟರಿಗೆ ಬಿದ್ದ ಮೊದಲ ನಿಜ ಅದು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಸೀರೆಯಾಯಿತು. ದೊಡ್ಡಮ್ಮ ಒಂಬತ್ತು ಸಹಿ ಹಾಕಿದರು, ಪಿನ್ ಎಣಿಸಿ ಡಬ್ಬಿ ಮುಚ್ಚಿದರು, ವೆಬ್‌ಸೈಟಿನಿಂದ ತಮ್ಮ ಕೈಯ ಫೋಟೋ ತೆಗೆದುಹಾಕಲು ಹೇಳಿದರು. ಮಾಲೀಕರು ನಕ್ಕು, "ಮೌಸಿ, ಆ ಕೈಯನ್ನೂ ಕಂಪ್ಯೂಟರ್ ಮಾಡಿಕೊಡುತ್ತದೆ" ಅಂದರು. ಹಾಗೆಯೇ ಆಯಿತು. ಬುಧವಾರದಿಂದ ಅಲ್ಲಿ ಬೇರೆ ಕೈ ಇದೆ. ಉಗುರು ಚಂದ ಇದೆ.

ಮಂಗಳವಾರ ಬೆಳಿಗ್ಗೆ ದೊಡ್ಡಮ್ಮ ಬರಲಿಲ್ಲ, ಹೊಸ ಪಿನ್ನಿನ ಪೊಟ್ಟಣ ನನ್ನ ಮೇಜಿನ ಮೇಲಿತ್ತು. "ತೂ ಲಗಾ ದೇ," ನೀನೇ ಚುಚ್ಚು, ಅಂದರು ಮಾಲೀಕರು. ನಾನು ಚುಚ್ಚಿದೆ. ಮಂಗಳವಾರ ಮೂವತ್ತಾರು, ಬುಧವಾರ ನಲವತ್ತು. ಎಪ್ಪತ್ತಾರು ಸಲ ಸಹಿ ಹಾಕಿದ್ದೂ ನಾನೇ. ಬುಧವಾರ ಸಂಜೆ ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ.

"ಎಲ್ಲಿಗೆ ಚುಚ್ಚಿದ್ದು?"

"ಭುಜಕ್ಕೆ."

"ಪಿನ್ ಹೊರಗೆ ಕಾಣ್ತದಾ?"

"ಕಾಣ್ತದೆ."

"ಅದೂ ಬರುದಿಲ್ಲ ನಿಂಗೆ," ಎಂದು ಎದ್ದು ಅಡಿಗೆಮನೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ ಕೆಲಸ ಬಿಟ್ಟೆ. ಬಿಡುವ ಮೊದಲು ವೆಬ್‌ಸೈಟಿನ ದೂರು ಪುಟದಲ್ಲಿ ನನ್ನ ನೋಟ್‌ಬುಕ್ಕಿನ ಲೆಕ್ಕವನ್ನು ದಿನದ ಸಮೇತ ಬರೆದು ಕಳಿಸಿದೆ. ನನ್ನ ಎಪ್ಪತ್ತಾರನ್ನೂ ಸೇರಿಸಿದ್ದೆ. ಎರಡು ನಿಮಿಷದೊಳಗೆ ಉತ್ತರ ಬಂತು: ದಾಖಲೆ ಪರಿಶೀಲಿಸಲಾಗಿದೆ, ಸೀರೆ ಉಡಿಸಿದವರ ಸಹಿ ಇದೆ, ದೂರು ಮುಗಿಸಲಾಗಿದೆ. ಎರಡು ನಿಮಿಷದಲ್ಲಿ ಯಾವ ಮನುಷ್ಯನೂ ಅಷ್ಟು ಪುಟ ಓದುವುದಿಲ್ಲ. ಉತ್ತರದ ಕೊನೆಯಲ್ಲಿ ಒಂದು ನಗುವ ಮುಖವಿತ್ತು. ಮೊಬೈಲನ್ನು ದೂರ ತಳ್ಳಿ ಕೈ ತೊಳೆದುಕೊಂಡೆ.

ಆಗಸ್ಟ್ ಇಪ್ಪತ್ತಮೂರು, ಭಾನುವಾರ, ಹೋಟೆಲಿನವರ ಮಗಳ ನಿಶ್ಚಿತಾರ್ಥ. ಸಾಂತಾಕ್ರೂಜಿನ ಒಂದು ಹೋಟೆಲಿನ ಹಾಲ್‌ನಲ್ಲಿ. ಉಡಿಸಲು ಕರೆಯದಿದ್ದರೂ ಊಟಕ್ಕೆ ಕರೆದಿದ್ದರು. ನಾನು ಬೇಡ ಅಂದೆ. ದೊಡ್ಡಮ್ಮ, "ಎದುರುಬದುರು ಮನೆ, ಹೋಗದಿದ್ರೆ ತಪ್ಪು ನಮ್ಮದೇ ಆಗ್ತದೆ," ಎಂದು ಹೊರಟರು. ಹುಡುಗಿ ಅದೇ ಸೀರೆಯಲ್ಲಿದ್ದಳು. ಬೇರೆ ಯಾರೋ ಉಡಿಸಿದ್ದರು. ದೊಡ್ಡಮ್ಮ ಅಕ್ಷತೆ ಹಾಕಲು ಹೋದವರು ಹತ್ತಿರದಿಂದ ನೋಡಿಕೊಂಡು ಬಂದು, ನನ್ನ ಕಿವಿಯಲ್ಲಿ, "ಏಳೇ ನೆರಿಗೆ," ಅಂದರು. ಆ ದಿನ ಹೋಳಿಗೆ ಎರಡು ಹಾಕಿಸಿಕೊಂಡರು. ಇನ್ನು ನಾಲ್ಕು ದಿನದಲ್ಲಿ ಎಲ್ಲ ಸರಿಯಾಗುತ್ತದೆ, ಎಲ್ಲರೂ ಕಣ್ಣಾರೆ ನೋಡಿದರಲ್ಲ ಎಂದು ನನಗೂ ಅನಿಸಿತು.

ಮಂಗಳವಾರ ಫೋಟೋದವನು ಕೊಟ್ಟ ನಿಶ್ಚಿತಾರ್ಥದ ಫೋಟೋಗಳು ಗುಂಪಿಗೆ ಬಂದವು. ಸೀರೆಯಲ್ಲಿ ಹದಿನಾಲ್ಕು ನೆರಿಗೆ, ಸೆರಗು ಮೊಣಕಾಲಿನ ಕೆಳಗೆ. ಹುಡುಗಿಯ ಸೊಂಟ ಸಣ್ಣದಾಗಿತ್ತು, ಮುಖದ ಮೇಲೆ ಆ ಕೆನೆ ಕಟ್ಟಿತ್ತು. ಪಕ್ಕದಲ್ಲಿ ಅಕ್ಷತೆ ಹಿಡಿದ ದೊಡ್ಡಮ್ಮನಿಗೂ ಹತ್ತು ವರ್ಷ ಕಡಿಮೆ ಮಾಡಿ, ಅವರ ಏಳು ನೆರಿಗೆಯ ಹತ್ತಿ ಸೀರೆಗೂ ಎಲ್ಲಿಂದಲೋ ನೆರಿಗೆ ತಂದು ಸೇರಿಸಿದ್ದರು. ಸಂಜೆಯೊಳಗೆ ಅರವತ್ತಮೂರು ಹೃದಯದ ಗುರುತು ಬಿದ್ದವು. ಅವನ್ನು ಹಾಕಿದವರಲ್ಲಿ ನಲವತ್ತಕ್ಕೂ ಹೆಚ್ಚು ಜನ ಭಾನುವಾರ ಆ ಹಾಲ್‌ನಲ್ಲಿದ್ದು ಆ ಹುಡುಗಿಯನ್ನು ಕಣ್ಣಿನಿಂದ ನೋಡಿದವರು.

ದೊಡ್ಡಮ್ಮ ತಮ್ಮ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಫೋನ್ ಬಂತು, ಹಬ್ಬಕ್ಕೆ ಉಳಿದಿದ್ದ ಎರಡು ಮನೆಗಳಲ್ಲಿ ಒಂದರಿಂದ.

"ಅಕ್ಕ, ಫೋಟೋ ನೋಡಿದ್ರಾ? ಎಷ್ಟು ಚಂದ ಉಡಿಸಿದ್ದಾರೆ! ಶುಕ್ರವಾರ ನನಗೂ ಹಾಗೇ ಉಡಿಸ್ಲಿಕ್ಕೆ ಬರ್ತದಾ ನಿಮಗೆ?"

"ಬರುದಿಲ್ಲ," ಅಂದರು ದೊಡ್ಡಮ್ಮ. ಅವರ ಮನೆಯಲ್ಲಿದ್ದ ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

"ಮತ್ತೆ ಯಾರ ಹತ್ರ ಉಡಿಸುದು?"

"ಫೋಟೋದವನ ಹತ್ರ. ಸೀರೆ ಕಪಾಟಿನಲ್ಲೇ ಇರ್ಲಿ, ತೆಗೀಲಿಕ್ಕೂ ಹೋಗ್ಬೇಡಿ."