ಅಕ್ಕನ ಧ್ವನಿ ಮತ್ತು ಕೆಳಗಿನ ಸಾಲು

ಮದುವೆಯಾಗಲಿ, ಶಾಲೆಯ ಸಮಾರಂಭವಾಗಲಿ, ಎಲ್ಲರಿಗಿಂತ ಮೊದಲು ಕೇಳುವುದು ಅವನ ದನಿ: "ಹಲೋ, ಚೆಕ್, ಚೆಕ್." ಹಾಗಾಗಿ ಅವನ ಹೆಸರೇ ಚೆಕ್ಕಣ್ಣ ಎಂದಾಗಿಹೋಯಿತು. ಮೈಕು, ಸ್ಪೀಕರು ಬಾಡಿಗೆಗೆ ಕೊಡುವುದು ಕಸುಬು. ಕಂಡವರ ಭಾಷಣವನ್ನೆಲ್ಲ ಊರಿಗೆ ಕೇಳಿಸಿದವನು ತಾನು ಮಾತ್ರ ಆ ಚೆಕ್ ದಾಟಿ ಮುಂದೆ ಮಾತಾಡಿದವನಲ್ಲ. ಮಾತಾಡಲು ಪುರುಸೊತ್ತಾದರೂ ಎಲ್ಲಿತ್ತು ಅನ್ನಿ, ಮನೆಯಲ್ಲಿ ಅಕ್ಕ ಇದ್ದಳಲ್ಲ.

ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿದವಳು ಅಕ್ಕ. ಮಗಳ ಮದುವೆ ಮಾಡಿ ಕಳಿಸಿ, ಗಂಡನನ್ನೂ ಕಳೆದುಕೊಂಡ ಮೇಲೆ, ಮದುವೆಯ ಗೊಡವೆಗೇ ಹೋಗದ ಈ ತಮ್ಮನ ಮನೆಗೆ ಬಂದು ನೆಲೆಸಿದ್ದಳು. ಅವಳು ಅಡುಗೆಮನೆಯಿಂದ ಒಂದು ಸಲ ಕೂಗಿದರೆ ಸಾಕು, ಬೀದಿಯ ಕೊನೆಯ ಸೈಕಲ್ ಅಂಗಡಿಯವನು "ಊಟಕ್ಕೆ ಕರೀತಿದಾರೆ ನೋಡಣ್ಣ" ಎಂದು ಚೆಕ್ಕಣ್ಣನನ್ನು ಎಬ್ಬಿಸಿ ಕಳಿಸುತ್ತಿದ್ದ.

ಹಾಳಾದ ಕಾಯಿಲೆ ಆ ಗಂಟಲಿಗೇ ಬರಬೇಕೆ? ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ ಎಂದರು ಡಾಕ್ಟರು. ಅಕ್ಕ ಅಳಲಿಲ್ಲ. "ಊರವರದ್ದೆಲ್ಲ ರೆಕಾರ್ಡ್ ಮಾಡ್ತೀಯಲ್ಲೋ, ನನ್ನದೂ ಒಂದು ಮಾಡು. ಮಗಳಿಗೆ ಮಗು ಹುಟ್ಟಿದ ಮೇಲೆ ಅಜ್ಜಿ ಹೇಗೆ ಮಾತಾಡ್ತಿದ್ಲು ಅಂತ ಅದಕ್ಕೂ ಗೊತ್ತಾಗ್ಲಿ" ಎಂದಳು.

ಚೆಕ್ಕಣ್ಣನ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಎಂದೋ ಕಣ್ಣು ಮುಚ್ಚಿತ್ತು. ರಿಪೇರಿಯವನು ಒಂದು ಪೆನ್‌ಡ್ರೈವಿನೊಳಗೇ ಡಿಸ್ಕಿಲ್ಲದೆಯೇ ಕಂಪ್ಯೂಟರು ನಡೆಸುವ ಲಿನಕ್ಸ್ ಹಾಕಿಕೊಟ್ಟಿದ್ದ. ಶುರುವಾಗುವಾಗ ಪರದೆಯ ಮೇಲೆ ಎರಡು ಸಾಲು ಬರುತ್ತಿದ್ದವು. "ಮೇಲಿನ ಸಾಲು ಸುಮ್ನೆ ಪರೀಕ್ಷೆಗೆ ಅಣ್ಣ. ಆಫ್ ಆದ ಕೂಡ್ಲೆ ಮಾಡಿದ್ದೆಲ್ಲ ಮರೆತುಬಿಡುತ್ತೆ. ಕೆಳಗಿನದು ಎಲ್ಲಾ ನೆನಪಿಟ್ಕೊಳ್ಳುತ್ತೆ. ಯಾವಾಗ್ಲೂ ಕೆಳಗಿನ ಸಾಲಿಗೆ ಇಳಿದು ಎಂಟರ್ ಒತ್ತಿ" ಎಂದು ಕಲಿಸಿದ್ದ. ಚೆಕ್ಕಣ್ಣ ಒಂದು ದಿನವೂ ತಪ್ಪಿದವನಲ್ಲ.

ಆಸ್ಪತ್ರೆಗೆ ಸೇರುವ ದಿನದ ಬೆಳಿಗ್ಗೆ ತಪ್ಪಿದ. ಅಕ್ಕ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಅವನು ಅವಸರದಲ್ಲಿ ಕೆಳಗಿನ ಸಾಲಿಗೆ ಇಳಿಯದೆ ನೇರವಾಗಿ ಎಂಟರ್ ಒತ್ತಿದ. ಆಮೇಲೆ ಅವನ ಕಣ್ಣೆಲ್ಲ ಮೈಕಿನ ಮೇಲೆ, ಅಕ್ಕನ ತುಟಿಯ ಮೇಲೆ.

ಅವಳು ಮಾತಾಡಿದಳು, ಮಾತಾಡಿದಳು. ಹುಟ್ಟದ ಮಗುವನ್ನು ಮುದ್ದಿಸಿದಳು, ಮಗಳಿಗೆ ಬುದ್ಧಿ ಹೇಳಿದಳು, ಸೈಕಲ್ ಅಂಗಡಿಯವನನ್ನೂ ಬಿಡದೆ ತರಾಟೆಗೆ ತೆಗೆದುಕೊಂಡಳು. ಕೊನೆಗೆ ಊಟಕ್ಕೆ ಕರೆಯುವಂತೆ ತಮ್ಮನ ಹೆಸರು ಹಿಡಿದು ಒಂದು ಸಲ ಕೂಗಿದಳು. ಅಷ್ಟಕ್ಕೆ ಗಂಟಲು ಸೋತು, ಉಳಿದದ್ದು ಪಿಸುಮಾತು ಮಾತ್ರ.

ಅವಳು ಸೀರೆ ಬದಲಿಸಲು ಎದ್ದುಹೋದ ಮೇಲೆ ಚೆಕ್ಕಣ್ಣ ಪರದೆ ನೋಡಿದ. ತನ್ನ ಹಳೆಯ ರೆಕಾರ್ಡಿಂಗುಗಳು ಒಂದೂ ಇಲ್ಲ. ತಾನು ಹಾಕಿಕೊಂಡಿದ್ದ ಚಿತ್ರವೂ ಇಲ್ಲ. ಮೇಲಿನ ಸಾಲಿಗೇ ಎಂಟರ್ ಒತ್ತಿದ್ದು ಆಗ ಹೊಳೆಯಿತು. ರಿಪೇರಿಯವನಿಗೆ ಫೋನ್ ಮಾಡಿದ.

"ಗಾಬರಿ ಬೇಡ ಅಣ್ಣ. ಕರೆಂಟ್ ಇರೋವರೆಗೂ ಎಲ್ಲಾ ಅಲ್ಲೇ ಇರುತ್ತೆ. ಏನೂ ಮುಟ್ಟಬೇಡಿ, ಆಫ್ ಮಾತ್ರ ಮಾಡಬೇಡಿ. ಸಂಜೆ ಬಂದು ತೆಗೆದುಕೊಡ್ತೀನಿ."

ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಇವತ್ತೊಂದು ದಿನ ಕರೆಂಟು ಹೋಗದಿರಲಿ ಎಂದು ಬೇಡಿಕೊಳ್ಳುವುದನ್ನು ಬಿಟ್ಟು ಬೇರೇನೂ ಅವನ ಕೈಯಲ್ಲಿರಲಿಲ್ಲ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು: "ಸರಿಯಾಗಿ ಬಂತೇನೋ?"

ಆಪರೇಷನ್ನಿಗೆ ಹೊರಟವಳ ಮುಂದೆ ಈ ರಗಳೆ ಬಿಚ್ಚಲು ಅವನಿಗೆ ಬಾಯಿ ಬರಲಿಲ್ಲ. "ಬಂತಕ್ಕ" ಎಂದು ಮಾನಿಟರ್ ಮಾತ್ರ ಆರಿಸಿದ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಚೆಕ್ಕಣ್ಣ ಚೀಲಗಳನ್ನು ಹೊತ್ತು ನಡೆದ. ಬೀಗ ಹಾಕುವುದು ಎಂದಿನಂತೆ ಅಕ್ಕನ ಕೆಲಸ. ಹಾಕಿ, ಕೀಲಿಯನ್ನು ತಮ್ಮನ ಕೈಗಿತ್ತಳು. ಅವನು ಅದನ್ನು ಸೈಕಲ್ ಅಂಗಡಿಯಲ್ಲಿ ಕೊಟ್ಟು, ಸಂಜೆ ರಿಪೇರಿಯವನು ಬರುತ್ತಾನೆಂದು ಹೇಳಿಬಂದ.

ಟ್ಯಾಕ್ಸಿ ಪೇಟೆ ದಾಟಿ ಬಹಳ ಹೊತ್ತಾದ ಮೇಲೆ ಅಕ್ಕ ಅವನ ಕಿವಿಯ ಬಳಿಗೆ ಬಾಗಿದಳು. "ಎಷ್ಟು ದಿನ ಆಗುತ್ತೋ ಬರೋದು. ನೀನು ಮರೀತೀಯ ಅಂತ ನಾನೇ ಮೇನ್ ಸ್ವಿಚ್ ಆಫ್ ಮಾಡಿ ಬಂದೆ."

ಗಾಡಿ ತಿರುಗಿಸಿ ಎನ್ನಲು ಚೆಕ್ಕಣ್ಣ ಬಾಯಿ ತೆರೆದ, ಮುಚ್ಚಿದ. ತಿರುಗಿಸಿ ಹೋಗಿ ನೋಡುವುದೇನನ್ನು? ಸ್ವಿಚ್ಚು ಕೆಳಗಾದ ಗಳಿಗೆಯೇ ಎಲ್ಲ ಮುಗಿದಿತ್ತು. ಅವಳ ಕೈ ಹಿಡಿದುಕೊಂಡ. ಅವಳದು ಬೆಚ್ಚಗಿತ್ತು, ಅವನದೇ ತಣ್ಣಗಾಗಿತ್ತು.

"ಒಳ್ಳೇದು ಮಾಡಿದೆ" ಎಂದ. ಅವಳತ್ತ ಬಾಗಿ, "ಅಕ್ಕ, ಇನ್ನೂ ಏನಾದ್ರೂ ಮಾತಾಡು" ಎಂದ.

ಗಂಟಲಿಗೆ ಕೈಯಿಟ್ಟುಕೊಂಡು ಅಕ್ಕ ನಕ್ಕಳು. "ಇನ್ನೇನಿದ್ಯೋ? ಎಲ್ಲಾ ಅದರಲ್ಲಿ ಹೇಳಿದೀನಲ್ಲ" ಎಂದಳು.

ಆಮೇಲೆ ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಆಸ್ಪತ್ರೆಯ ಗೇಟು ಬರುವವರೆಗೂ ಅವನು ಅವಳ ಬಾಯಿಗೇ ಕಿವಿ ಕೊಟ್ಟು ಕೂತಿದ್ದ. ಅವಳು ಮತ್ತೆ ಏನೂ ಹೇಳಲಿಲ್ಲ.